ಅತ್ತೆಯ ಕೋಣೆಯ ಬಾಗಿಲು

ಆಗಸ್ಟ್ 9, 2025, ಶನಿವಾರ
ಸುಂಟಿಕೊಪ್ಪ

ನಿನ್ನೆ ವರಮಹಾಲಕ್ಷ್ಮಿ ಹಬ್ಬ. ಊಟ ಮುಗಿಸಿ, ಪಾತ್ರೆ ತೊಳೆದು, ಅಡುಗೆಮನೆಯ ದೀಪ ಆರಿಸುವ ಹೊತ್ತಿಗೆ ಒಂಬತ್ತೂವರೆ ದಾಟಿತ್ತು. ಹೊರಗೆ ಒಂದೇ ಸಮನೆ ಮಳೆ. ಹಿಂದಿನ ಜಗಲಿಯ ಶೀಟಿನ ಮೇಲೆ ಬೀಳುವ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅತ್ತೆ ಆಗಲೇ ಮಲಗಿದ್ದಾರೆ ಅಂದುಕೊಂಡು ಅವರ ಕೋಣೆ ದಾಟುತ್ತಿದ್ದೆ. ಒಳಗಿನಿಂದ ಯಾರೋ ಮೆಲ್ಲಗೆ ತಟ್ಟಿದ ಹಾಗಾಯಿತು.

"ಬಾಗಿಲು ಬರ್ತಾ ಇಲ್ಲ ಮಗಳೇ."

ಎಷ್ಟು ಹೊತ್ತಿನಿಂದ ತಟ್ಟುತ್ತಿದ್ದೀರಿ ಅಂತ ಕೇಳಿದೆ. "ಸ್ವಲ್ಪ ಹೊತ್ತಾಯ್ತು" ಅಂದರು, ಅಷ್ಟೇ. ಹಿಂದೆ ಸರಿದು ಮಂಚದ ಮೇಲೆ ಕೂತ್ಕೊಳ್ಳಿ ಅತ್ತೆ ಅಂತ ಹೇಳಿ ಭುಜ ಕೊಟ್ಟು ತಳ್ಳಿದೆ. ಮೂರನೇ ಸಲಕ್ಕೆ ಬಾಗಿಲು ಕಿರುಗುಟ್ಟಿಕೊಂಡು ಒಳಗೆ ಹೋಯಿತು. ನೀರು ಕುಡಿಯಲು ಎದ್ದಿದ್ದರಂತೆ. ಅವರ ಬಲಗೈಯ ಎರಡು ಬೆರಳ ಮೇಲೆ ಚಿಲಕದ ಗುಬುಟಿನ ಅಚ್ಚು ಕೆಂಪಗೆ ಮೂಡಿತ್ತು. ಎಂಬತ್ತೊಂದು ವರ್ಷದ ಕೈ. ಆ ಕೆಂಪು ಗುರುತು ನೋಡಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬಾಗಿಲು ಹದಿನೈದು ದಿನದಿಂದ ಹಿಡಿಯುತ್ತಿತ್ತು. ಮಳೆಗಾಲ ಅಲ್ವಾ, ಹಾಗೇ ಇರುತ್ತೆ ಅಂತ ನಾನೇ ಬಿಟ್ಟಿದ್ದೆ.

ಬಾಗಿಲು ತೆಗೆದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಟಾರ್ಚ್ ತಂದು ಗೋಡೆ ನೋಡಿದ್ದು. ನಮ್ಮ ಕೊಡಗು ಜಿಲ್ಲೆಯವರಿಗೆ ಇದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮನೆ ಕೆಳಗಿನ ನೆಲ ಸ್ವಲ್ಪ ಅಲುಗಿದರೂ ದಾರಂದ, ಅಂದರೆ ಬಾಗಿಲ ಚೌಕಟ್ಟು, ಓರೆಯಾಗುತ್ತದೆ. ನಿನ್ನೆ ತನಕ ಸಲೀಸಾಗಿದ್ದ ಬಾಗಿಲು ಇವತ್ತು ಹಿಡಿಯುತ್ತದೆ. ಆಗ ದಾರಂದದ ಮೇಲಿನ ಮೂಲೆಯಿಂದ ಗೋಡೆಗೆ ಓರೆಯಾಗಿ ಹೊಸ ಬಿರುಕು ಎದ್ದಿರುತ್ತದೆ, ನೆಲದಲ್ಲೂ ಬಿರುಕು ಕಾಣಬಹುದು. ಇಳಿಜಾರಿನಲ್ಲಿ ಮನೆ ಇರುವವರಿಗೆ ಜೋರು ಮಳೆಯಲ್ಲಿ ಒಮ್ಮೆಲೇ ಎರಡು ಮೂರು ಬಾಗಿಲು ಹಿಡಿದು, ಗೋಡೆಯಲ್ಲೂ ಬಿರುಕು ಕಂಡರೆ ಅದು ಆಚಾರಿಯ ಕೆಲಸ ಅಲ್ಲ. ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಹೊರಡಬೇಕು, ಪಂಚಾಯಿತಿಗೆ ತಿಳಿಸಬೇಕು. ನಮ್ಮ ಗೋಡೆಯಲ್ಲಿ ಏನೂ ಇರಲಿಲ್ಲ. ಎರಡು ಸಲ ನೋಡಿದೆ. ಆಮೇಲೆ ಹೊರಗೆ ಹೋಗಿ, ಕೊಡೆ ಹಿಡಿದು, ಆ ಬದಿಯಿಂದಲೂ ನೋಡಿ ಬಂದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಇವರು, "ಬದಿ ಸ್ವಲ್ಪ ಕೀಸಿ ಬಿಡೋಣ, ಹತ್ತು ನಿಮಿಷದ ಕೆಲಸ" ಅಂದರು. ಬೇಡ ಅಂದೆ. 2019ರ ಜುಲೈನಲ್ಲಿ ಹಿಂಬಾಗಿಲಿಗೆ ಹಾಗೇ ಮಾಡಿದ್ದೆವು. ಮಳೆಯಲ್ಲಿ ಹಿಡಿಯಿತು, ಕೀಸಿದೆವು. ಮರುದಿನ ಮತ್ತೆ ಹಿಡಿಯಿತು, ಮತ್ತೆ ಕೀಸಿದೆವು. ಫೆಬ್ರವರಿಗೆ ಬಾಗಿಲು ಒಣಗಿ ಕುಗ್ಗಿದಾಗ ಸಂದಿಯಲ್ಲಿ ಪೆನ್ಸಿಲ್ ತೂರುತ್ತಿತ್ತು. ಗಾಳಿ, ಹಲ್ಲಿ, ಜಿರಳೆ ಎಲ್ಲದಕ್ಕೂ ದಾರಿ. ಕೊನೆಗೆ ಆ ಬದಿಗೆ ಒಂದು ಪಟ್ಟಿ ಅಂಟಿಸಬೇಕಾಯಿತು. ಅದು ಈಗಲೂ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಹಳೆಯ ಹಲಸಿನ ಬಾಗಿಲು, ಮಾವ ನಿಂತು ಮಾಡಿಸಿದ್ದು. ಕೀಸಿದ ಮರವನ್ನು ವಾಪಸು ಹಾಕಲು ಆಗುವುದಿಲ್ಲ.

ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅದಕ್ಕೇ ಬಾಗಿಲಿನ ಎತ್ತರ ಅಷ್ಟೇ ಇರುತ್ತದೆ, ಅಗಲ ಹೆಚ್ಚಾಗುತ್ತದೆ. ಇಲ್ಲಿ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಲೆಕ್ಕ ಹಾಕುತ್ತಾರೆ. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಇಂಚು ದಾಟುವುದು ಹೊಸದಲ್ಲ. ಅಷ್ಟು ತೇವದಲ್ಲಿ ಬಾಗಿಲು ಉಬ್ಬದೆ ಇರುತ್ತಾ? ಬಿಸಿಲು ಬಂದ ಮೇಲೆ ಅದೇ ತಾನಾಗಿ ಇಳಿಯುತ್ತದೆ.

ಆದರೆ ಹಿಡಿಯುವ ಬಾಗಿಲೆಲ್ಲ ಉಬ್ಬಿದ್ದೇ ಅಂತ ಹೇಳಲಾಗದು. ಆಚಾರ್ರಿಗೆ ಫೋನ್ ಮಾಡಿದೆ. ಅವರು ಕುಶಾಲನಗರದಲ್ಲಿ ಒಂದು ಮನೆ ಕೆಲಸದಲ್ಲಿದ್ದರು, ಮುಂದಿನ ವಾರ ತನಕ ಬರಲು ಆಗುವುದಿಲ್ಲ. "ಅಕ್ಕಾ, ಕೀಸುಳಿ ಮುಟ್ಟಬೇಡಿ. ಮೊದಲು ಮೇಲಿನ ಹಿಂಜ್ ನೋಡಿ" ಅಂದರು. ಬಾಗಿಲು ಮುಚ್ಚಿ ಸುತ್ತಲೂ ಸಂದಿ ನೋಡಿ ಅಂದರು. ಚಿಲಕದ ಬದಿ ಮೇಲಿನಿಂದ ಕೆಳಗಿನ ತನಕ ಒಂದೇ ಸಮ ಬಿಗಿಯಾಗಿದ್ದರೆ ಮರ ಉಬ್ಬಿದೆ. ಮೇಲಿನ ಮೂಲೆ ದಾರಂದಕ್ಕೆ ತಾಗಿ, ಕೆಳಗಿನ ಮೂಲೆ ನೆಲ ಕೆರೆಯುತ್ತಿದ್ದರೆ ಬಾಗಿಲು ಜೋತು ಬಿದ್ದಿದೆ. ಜೋತು ಬಿದ್ದ ಬಾಗಿಲನ್ನು ಎಷ್ಟು ಕೀಸಿದರೂ ಅದು ಇನ್ನಷ್ಟು ಜೋಲುತ್ತದೆ, ಅಷ್ಟೇ.

ಮಗಳ ಹಳೇ ಸ್ಲೇಟಿನ ಡಬ್ಬಿಯಿಂದ ಚಾಕ್‌ಪೀಸ್ ತಂದು ದಾರಂದದ ಒಳ ಅಂಚಿಗೆ ಉಜ್ಜಿದೆ. ಬಾಗಿಲು ಮುಚ್ಚಿ ತೆಗೆದೆ. ಬಿಳಿ ಗುರುತು ಬಂದದ್ದು ಮೇಲಿನ ಮೂಲೆಯ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ. ಕೆಳಗೆ ರೆಡ್ ಆಕ್ಸೈಡ್ ನೆಲದ ಮೇಲೆ ಬಿಲ್ಲಿನ ಹಾಗೆ ಒಂದು ಗೀರು. ಇಷ್ಟು ದಿನ ಅದರ ಮೇಲೆಯೇ ನೆಲ ಒರೆಸಿದ್ದೇನೆ, ಯಾಕೆ ಬಂತು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಬಾಗಿಲಿನ ಭಾರವೆಲ್ಲ ಮೇಲಿನ ಹಿಂಜನ್ನು ದಾರಂದದಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನದ್ದನ್ನು ಒಳಕ್ಕೆ ಒತ್ತುತ್ತದೆ. ಹಾಗಾಗಿ ಮೊದಲು ಸಡಿಲವಾಗುವುದು ಮೇಲಿನದ್ದೇ. ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ದಾರಂದದ ಬದಿಯ ಮೂರು ಸ್ಕ್ರೂಗಳಲ್ಲಿ ಎರಡು ಸುಮ್ನೆ ತಿರುಗಿದವು, ಬಿಗಿಯಾಗಲೇ ಇಲ್ಲ. ಬಾಗಿಲಿನ ಚಿಲಕದ ಬದಿಯ ಕೆಳಗೆ ಮಡಚಿದ ಪೇಪರ್ ಮತ್ತು ಒಂದು ರೀಪರ್ (ಮರದ ಪಟ್ಟಿ) ತುಂಡು ತೂರಿಸಿ ಭಾರ ಎತ್ತಿಕೊಂಡೆವು. ಇವರು ಬಾಗಿಲು ಹಿಡಿದುಕೊಂಡರು. ಸ್ಕ್ರೂ ಹೊರಗೆ ತೆಗೆದರೆ ಬರೀ ಒಂದು ಇಂಚಿನದ್ದು. ಅದರಲ್ಲೂ ಅರ್ಧ ತುಕ್ಕು ತಿಂದಿತ್ತು. ತೂತಿನಿಂದ ಕಾಫಿ ಪುಡಿಯ ಹಾಗೆ ಕಂದು ಪುಡಿ ಉದುರಿತು. ಒಳಗೆ ಮರ ಕಪ್ಪಾಗಿತ್ತು. ಬೆರಳಲ್ಲಿ ಒತ್ತಿ ನೋಡಿದೆ, ಇನ್ನೂ ಗಟ್ಟಿಯಾಗಿತ್ತು. ಮೆತ್ತಗಿದ್ದಿದ್ದರೆ ಮರ ಕೊಳೆತಿದೆ, ಮಣ್ಣು ಸಿಕ್ಕಿದ್ದರೆ ಗೆದ್ದಲು, ಆಗ ಬೇರೆಯದೇ ಕತೆ.

ಇಂಥ ತೂತಿಗೆ ಬೆಂಕಿಕಡ್ಡಿ ತುಂಬುವವರಿದ್ದಾರೆ. ಅದೂ ಆಗುತ್ತದೆ. ನನಗೆ ದೇವರ ಕೋಣೆಯಲ್ಲಿ ನಿನ್ನೆ ಉರಿದು ಉಳಿದ ಊದುಬತ್ತಿಯ ಕಡ್ಡಿಗಳು ಸಿಕ್ಕವು. ಅವು ಬಿದಿರಿನವು, ಬೆಂಕಿಕಡ್ಡಿಗಿಂತ ಗಟ್ಟಿ. ನಾಲ್ಕು ನಾಲ್ಕು ಕಡ್ಡಿ ಫೆವಿಕಾಲಿನಲ್ಲಿ ಅದ್ದಿ, ತೂತಿಗೆ ತೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಇನ್ನು ಹೋಗುವುದಿಲ್ಲ ಅನ್ನುವಷ್ಟು ಬಿಗಿಯಾದ ಮೇಲೆ ಹೊರಗೆ ಉಳಿದದ್ದನ್ನು ಉಳಿಯಿಂದ ಸಮ ಮಾಡಿದೆ. ಇದು ಒಣಗಲು ಒಂದು ದಿನ ಬಿಡಬೇಕು. ಈ ಥಂಡಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಅವಸರ ಮಾಡಿ ಹಸಿ ಅಂಟಿನಲ್ಲಿ ಸ್ಕ್ರೂ ತಿರುಗಿಸಿದರೆ ಕಡ್ಡಿಗಳೆಲ್ಲ ಸುತ್ತಿಕೊಂಡು ಹೊರಗೆ ಬರುತ್ತವೆ.

ಮೂರನೇ ತೂತು ಚೆನ್ನಾಗಿತ್ತು. ಅದಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ತಂದ ಎರಡು ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದೆ. ಹಳೇ ಸ್ಕ್ರೂ ತಲುಪದ ಹೊಸ ಮರವನ್ನು ಉದ್ದದ ಸ್ಕ್ರೂ ಹಿಡಿಯುತ್ತದೆ. ಮೊದಲು ಸಣ್ಣ ಬಿಟ್‌ನಿಂದ ತೂತು ಕೊರೆದು, ಸ್ಕ್ರೂಗೆ ಸೋಪು ಸವರಿದೆ. ಇಲ್ಲದಿದ್ದರೆ ಗಟ್ಟಿ ಮರದಲ್ಲಿ ಸ್ಕ್ರೂ ಅರ್ಧಕ್ಕೇ ನಿಲ್ಲುತ್ತದೆ, ಬಲ ಹಾಕಿದರೆ ತಲೆ ಮುರಿಯುತ್ತದೆ. ನಮ್ಮ ಕಡೆಗೆ ಸಾದಾ ಕಬ್ಬಿಣದ ಸ್ಕ್ರೂ ಬೇಡವೇ ಬೇಡ. ಕೆಲವೇ ರೂಪಾಯಿ ಜಾಸ್ತಿ ಕೊಟ್ಟರೆ ಸ್ಟೀಲ್ ಅಥವಾ ಹಿತ್ತಾಳೆಯದ್ದು ಸಿಗುತ್ತದೆ.

ಆ ಒಂದೇ ಸ್ಕ್ರೂ ಬಿಗಿಯಾದ ಕೂಡಲೇ ಬಾಗಿಲು ಎದ್ದು ನಿಂತಿತು. ಮೂಲೆಯಲ್ಲಿ ಎರಡು ನೂಲಿನಷ್ಟು, ಅಂದರೆ ಕಾಲು ಇಂಚು, ಸಂದಿ ಬಂತು. ನಡುವೆ ಒಂದು ಕಡೆ ಸ್ವಲ್ಪ ಬಿಗಿ ಉಳಿದಿದೆ, ಅದು ಮಾತ್ರ ಮಳೆಯದ್ದು. ಅಲ್ಲಿಗೆ ಮೇಣದಬತ್ತಿ ಗಟ್ಟಿಯಾಗಿ ಉಜ್ಜಿದೆ, ಜಾರುತ್ತದೆ. ಎಲ್ಲಿಂದ ಎಲ್ಲಿಗೆ ಹಿಡಿಯುತ್ತದೆ ಅಂತ ಬಾಗಿಲಿನ ಅಂಚಿನಲ್ಲೇ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಟ್ಟೆ. ಫೆಬ್ರವರಿಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಮರ ಚೆನ್ನಾಗಿ ಒಣಗಿರುತ್ತದೆ. ಆಗಲೂ ಸಂದಿ ಕಡಿಮೆ ಇದ್ದರೆ ಆ ಗೆರೆಯಷ್ಟೇ ಕೀಸಬೇಕು. ಕೀಸಿದ ಜಾಗಕ್ಕೆ ಅವತ್ತೇ ವಾರ್ನಿಷ್. ಬಾಗಿಲಿನ ತಲೆ ಮತ್ತು ತಳಕ್ಕೂ ಹೊಡೆಯಬೇಕು. ಆ ಎರಡು ಕಡೆ ಯಾರೂ ನೋಡುವುದಿಲ್ಲ ಅಂತ ಪೇಂಟರುಗಳು ಬಿಡುತ್ತಾರೆ. ಆದರೆ ನಿಂತ ಹಲಗೆಗಳ ತುದಿ ತೆರೆದಿರುವುದು ಅಲ್ಲೇ, ಮರ ನೀರು ಹೀರುವುದು ಅಲ್ಲಿಂದಲೇ. ಮುಂಬಾಗಿಲಿಗೆ ಇದು ಇನ್ನೂ ಮುಖ್ಯ. ದಿನಾ ಹೊಸ್ತಿಲು ತೊಳೆಯುತ್ತೇವೆ, ನೀರು ಬಾಗಿಲಿನ ತಳಕ್ಕೇ ಹೋಗುತ್ತದೆ. ನಾಳೆಯಿಂದ ತೊಳೆದ ಕೂಡಲೇ ಬಟ್ಟೆಯಿಂದ ಒರೆಸುತ್ತೇನೆ.

ಸಾಮಾನು ಹರಡಿಕೊಂಡಿದ್ದೆ, ಹಾಗೇ ಉಳಿದ ಬಾಗಿಲುಗಳನ್ನೂ ನೋಡಿದೆ. ಅಡುಗೆಮನೆಯ ಬಾಗಿಲು ಕಿರ್ ಅನ್ನುತ್ತಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮನೆ ರೂಢಿ. ಆದರೆ ಈ ಚಳಿಗೆ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿದೆ, ಹಿಂಜಿನೊಳಗೆ ಹೇಗೆ ಇಳಿಯಬೇಕು? ಮೇಲೆ ಧೂಳು ಬೇರೆ ಮೆತ್ತುತ್ತದೆ. ಪಿನ್ ಹೊರಗೆ ತೆಗೆದು, ತುಕ್ಕು ಉಜ್ಜಿ, ಸ್ವಲ್ಪ ಗ್ರೀಸ್ ಸವರಿ ಹಾಕಿದೆ. ಮುಂಬಾಗಿಲ ಬೀಗದಲ್ಲಿ ಕೀ ಸಿಕ್ಕಿಕೊಳ್ಳುತ್ತಿತ್ತು. ಬೀಗಕ್ಕೂ ಎಣ್ಣೆ ಬೇಡ. ಪೆನ್ಸಿಲಿನ ಸೀಸವನ್ನು ಕೀಗೆ ಚೆನ್ನಾಗಿ ಉಜ್ಜಿ ನಾಲ್ಕೈದು ಸಲ ತಿರುಗಿಸಿದೆ, ಸರಾಗವಾಯಿತು.

ಇಷ್ಟೆಲ್ಲ ಆದ ಮೇಲೆ ಅತ್ತೆಯ ಕೋಣೆಯ ಒಳಗೆ ನಿಂತು, ಬಾಗಿಲು ಹಾಕಿಕೊಂಡು, ನಾನೇ ತೆಗೆಯಲು ನೋಡಿದೆ. ಆಗ ಗೊತ್ತಾಯಿತು. ಬಾಗಿಲು ಒಳಗೆ ತೆರೆಯುತ್ತದೆ. ಹೊರಗಿನವರು ತಳ್ಳಿದರೆ ಸಾಕು, ಮೈಯ ಭಾರವೇ ಸಹಾಯಕ್ಕೆ ಬರುತ್ತದೆ. ಒಳಗಿನವರು ಎಳೆಯಬೇಕು. ಎಳೆಯಲು ಒಳಬದಿಯಲ್ಲಿ ಹಿಡಿಕೆಯೇ ಇಲ್ಲ. ಇರುವುದು ಚಿಲಕದ ಗುಬುಟು, ಕಡಲೆಕಾಳಿನಷ್ಟು. ಇಷ್ಟು ವರ್ಷ ಅತ್ತೆ ಅದನ್ನೇ ಎರಡು ಬೆರಳಲ್ಲಿ ಹಿಡಿದು ಬಾಗಿಲು ತೆಗೆದಿದ್ದಾರೆ. ಹೊರಗಡೆ ಮಾತ್ರ ಚಂದದ ಹಿತ್ತಾಳೆ ಹಿಡಿಕೆ. ವಯಸ್ಸಾದವರು ಇರುವ ಮನೆಯಲ್ಲಿ ದಯವಿಟ್ಟು ಇದೊಂದನ್ನು ಇವತ್ತೇ ನೋಡಿ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಎರಡೇ ಬೆರಳಲ್ಲಿ ತೆಗೆಯಲು ಆಗುತ್ತದಾ ಅಂತ ನೋಡಿ. ಬಚ್ಚಲುಮನೆಗೂ ಹೋಗಿ ನೋಡಿ. ಅಲ್ಲಿ ಬಾಗಿಲು ಒಳಗೆ ತೆರೆಯುವುದಾದರೆ, ಬಿದ್ದವರು ಬಾಗಿಲಿಗೆ ಅಡ್ಡವಾದಾಗ ಹೊರಗಿನಿಂದ ತೆಗೆಯಲು ಆಗುವುದಿಲ್ಲ. ನಮ್ಮದೂ ಹಾಗೇ ಇದೆ. ಆಚಾರ್ರು ಬಂದಾಗ ಅದನ್ನು ಹೊರಗೆ ತೆರೆಯುವ ಹಾಗೆ ಮಾಡಿಸಬೇಕು.

ಮತ್ತೆ ಅಂಗಡಿಗೆ ಹೋಗಿ ಆರು ಇಂಚಿನ ಹಿಡಿಕೆ ತಂದೆ. ಎಲ್ಲಿ ಹಾಕಲಿ ಅತ್ತೆ ಅಂದೆ. ಅವರು ಮಂಚದಿಂದ ಎದ್ದು ಬಂದು, ಬಾಗಿಲ ಮೇಲೆ ಕೈ ಇಟ್ಟು, "ಇಲ್ಲಿ" ಅಂದರು. ನಾನು ಅಂದುಕೊಂಡದ್ದಕ್ಕಿಂತ ಒಂದು ಗೇಣು ಕೆಳಗೆ. ಅಲ್ಲೇ ಪೆನ್ಸಿಲ್ ಗುರುತು ಹಾಕಿ ಕೂರಿಸಿದೆ. ಒಳಗಿನ ಚಿಲಕ ಬಿಚ್ಚಿ ತೆಗೆದೆ.

ಈಗ ರಾತ್ರಿ ಹತ್ತು ಗಂಟೆ. ಮಳೆ ಸ್ವಲ್ಪ ತಗ್ಗಿದೆ. ಅಂಟು ಒಣಗದ ಕಾರಣ ಇವತ್ತು ಬಾಗಿಲು ಮುಚ್ಚುವುದು ಬೇಡ ಅಂತ ಪರದೆ ಎಳೆದಿದ್ದೇನೆ. ಇನ್ನೆರಡು ಸ್ಕ್ರೂ ಕಿಟಕಿಯ ಮೇಲೆ ತಟ್ಟೆಯಲ್ಲಿವೆ. ನಾಳೆ ಸಂಜೆ ಹಾಕಬೇಕು.