ಗಾಡಿಯ ಬೀಗ

ಈ ವಾರ ‘ಮ್ಯಾಡ್ ಮನಿ’ (2008) ಚಿತ್ರವನ್ನು ಇನ್ನೊಮ್ಮೆ ನೋಡಿದ ಮೇಲೆ ಒಂದು ಬೀಗ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಕಾನ್ಸಾಸ್ ಸಿಟಿ ಶಾಖೆಯಲ್ಲಿ ಮಾಸಿದ ಡಾಲರ್ ನೋಟುಗಳನ್ನು ತುಂಬಿದ ಗಾಡಿ, ಅದಕ್ಕೆ ಯಾವ ಅಂಗಡಿಯಲ್ಲಾದರೂ ಸಿಗುವ ಬೀಗ! ಕಸ ತೆಗೆಯುವ ಬ್ರಿಜೆಟ್ ಅಂಥದ್ದೇ ಇನ್ನೊಂದನ್ನು ಕೊಂಡು ತರುತ್ತಾಳೆ. ಬೀಗ ಅದಲುಬದಲಾದರೆ ಮುಗಿಯಿತು. ಗಾಡಿ ತಳ್ಳುವ ಜಾಕಿ ಕಂತೆಗಳನ್ನು ಕಸದ ಡಬ್ಬಿಗೆ ಹಾಕುತ್ತಾಳೆ, ಬ್ರಿಜೆಟ್ ಕಸದ ಜೊತೆ ಎತ್ತುತ್ತಾಳೆ, ನೋಟು ಚೂರು ಮಾಡುವ ಯಂತ್ರದ ಬಳಿಯ ನೀನಾ ಏನೂ ಗೊತ್ತಿಲ್ಲದವಳಂತೆ ಕೆಲಸ ಮುಂದುವರಿಸುತ್ತಾಳೆ. ಆಮೇಲೆ ಶೌಚಾಲಯ, ಒಳಉಡುಪು, ಮನೆ.

ನಗು ತರಿಸುವ ಉಪಾಯವೇ, ಆದರೆ ಲೆಕ್ಕ ತಪ್ಪಿಲ್ಲ. ಡಾಲರ್ ನೋಟು ಯಾವ ಮುಖಬೆಲೆಯದ್ದಾದರೂ ತೂಕ ಒಂದೇ ಗ್ರಾಂ. ನೂರು ನೋಟಿನ ಕಂತೆ 100 ಗ್ರಾಂ ತೂಗುತ್ತದೆ, ದಪ್ಪ ಒಂದು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಕೈಯಿಂದ ಕೈಗೆ ಓಡಾಡಿದ ನೋಟು ಉಬ್ಬಿರುವುದರಿಂದ ಹಳೆಯ ಕಂತೆ ಇನ್ನೂ ದಪ್ಪ. ಸೊಂಟದ ಸುತ್ತ ಮೂರು ಕಂತೆ ಇಟ್ಟುಕೊಂಡು ನಡೆದರೆ ಕಾಣುವುದಿಲ್ಲ, ಹತ್ತು ಇಟ್ಟುಕೊಂಡರೆ ನಡಿಗೆಯೇ ಹೇಳಿಬಿಡುತ್ತದೆ. ಒಂದು ಡಾಲರಿನ ಮೂರು ಕಂತೆಗೆ ಸಿಗುವುದು 300, ನೂರು ಡಾಲರಿನದ್ದಾದರೆ 30,000.

ಬ್ರಿಜೆಟ್ ಮೇಲೆ ನನಗೆ ಕನಿಕರವಿಲ್ಲ. ಗಂಡನ ಕೆಲಸ ಹೋಯಿತು, ನಿಜ. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗಬಹುದಿತ್ತು. ಕಳ್ಳನಿಗೊಂದು ಪಿಳ್ಳೆ ನೆವ. ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುವ ನೀನಾಳ ಹಿಂಜರಿಕೆಯನ್ನು ಮಾತ್ರ ನಂಬಬಹುದು.

ಕಥೆ ಪೂರ್ತಿ ಕಟ್ಟಿದ್ದೂ ಅಲ್ಲ. ಇಂಗ್ಲೆಂಡಿನ ಎಸೆಕ್ಸ್‌ನ ಲೌಟನ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹಳೆಯ ನೋಟುಗಳನ್ನು ಸುಡುತ್ತಿತ್ತು. ಅಲ್ಲಿನ ನೌಕರರು 1980ರ ದಶಕದ ಕೊನೆಯಿಂದ 1992ರವರೆಗೆ ಆರು ಲಕ್ಷ ಪೌಂಡಿಗೂ ಹೆಚ್ಚು ಹಣವನ್ನು ಒಳಉಡುಪಿನಲ್ಲೇ ಸಾಗಿಸಿದರು. ಅದರ ಮೇಲೆ 2001ರಲ್ಲಿ ಬ್ರಿಟಿಷ್ ಟಿವಿ ಚಿತ್ರ ಬಂತು, ಅದರಿಂದ ಈ ಹಾಲಿವುಡ್ ಚಿತ್ರ.

ಬೀಗದ ಗುಟ್ಟು ಇರುವುದು ಬೀಗದಲ್ಲಲ್ಲ. ನೋಟು ‘ನಾಶಕ್ಕೆ’ ಎಂದು ಲೆಕ್ಕ ಬರೆದಾಗಿದೆ, ನಾಶ ಇನ್ನೂ ಆಗಿಲ್ಲ. ಆ ಹೊತ್ತಿನಲ್ಲಿ ಅದು ಯಾರದ್ದೂ ಅಲ್ಲದ ಕಾಗದ. ಗಾಡಿ ಓಡಾಡುವುದೇ ಆ ಸಂದಿನಲ್ಲಿ. ಈಗಿನ ಯಂತ್ರಗಳು ಮುಚ್ಚಿದ್ದು ಅದನ್ನೇ. ನಮ್ಮ ರಿಸರ್ವ್ ಬ್ಯಾಂಕಿನ ಯಂತ್ರ ಗಂಟೆಗೆ 50,000ದಿಂದ 60,000 ನೋಟು ಎಣಿಸುತ್ತದೆ, ಅಸಲಿಯೋ ನಕಲಿಯೋ ನೋಡುತ್ತದೆ, ಚಲಾವಣೆಗೆ ಬಾರದ್ದನ್ನು ಅದೇ ಓಟದಲ್ಲಿ ಕತ್ತರಿಸಿಬಿಡುತ್ತದೆ. ಚೂರು ನೇರ ಇನ್ನೊಂದು ಯಂತ್ರಕ್ಕೆ ಹೋಗಿ ಒತ್ತಿದ ಇಟ್ಟಿಗೆಯಾಗಿ ಬೀಳುತ್ತದೆ. ನೋಟು ರದ್ದತಿಯ ಕಾಲದಲ್ಲಿ ಇಂಥ ಚೂರು ಕಣ್ಣೂರಿನ ಪ್ಲೈವುಡ್ ಕಾರ್ಖಾನೆಗೂ ಹೋಯಿತು. ಹಲಗೆಯಾದ ಮೇಲೆ ಯಾರು ಕದ್ದಾರು?

ಆದರೂ ಸಂದು ಪೂರ್ತಿ ಮುಚ್ಚಿಲ್ಲ. ಮಧ್ಯಪ್ರದೇಶದ ದೇವಾಸದ ನೋಟು ಮುದ್ರಣಾಲಯದಲ್ಲಿ 2018ರ ಜನವರಿಯಲ್ಲಿ ಕಾವಲಿನ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಿಬ್ಬಂದಿ ಹಿಡಿದದ್ದು ಕಸ ತೆಗೆಯುವವಳನ್ನಲ್ಲ, ನೋಟು ಪರಿಶೀಲನಾ ವಿಭಾಗದ ಅಧಿಕಾರಿಯನ್ನು. ಮುದ್ರಣದೋಷವೆಂದು ಪಕ್ಕಕ್ಕಿಟ್ಟ, ನಾಶವಾಗಬೇಕಿದ್ದ 200 ಮತ್ತು 500ರ ನೋಟುಗಳು. ಬೇಲಿಯೇ ಎದ್ದು ಹೊಲ ಮೇಯ್ದದ್ದು. ಚಿತ್ರ ಹೇಳುವುದು ಕಸದವಳನ್ನು ಯಾರೂ ನೋಡುವುದಿಲ್ಲ ಎಂದು. ನಿಜವಾದ ಗೇಟಿನಲ್ಲಿ ಮೊದಲು ತಡಕುವುದು ಅವಳ ಚೀಲವನ್ನೇ. ಸಾಹೇಬರ ಬೂಟು ಬಿಚ್ಚಿಸಲು ಎಷ್ಟು ಕಾವಲುಗಾರರಿಗೆ ಧೈರ್ಯ ಬಂದೀತು?

ನೋಟು ಹೊರಬಿದ್ದದ್ದು ಆ ಬೂಟಿನಲ್ಲೇ. ಕಚೇರಿ, ಮನೆ ಎರಡೂ ಸೇರಿ ಸಿಕ್ಕಿದ್ದು ಸುಮಾರು 90 ಲಕ್ಷ, ಮನೆಯಲ್ಲೇ 60 ಲಕ್ಷಕ್ಕೂ ಹೆಚ್ಚು. ಬೂಟಿಗೊಂದು ಕಂತೆ, ಎಲ್ಲವೂ 500ರದ್ದೇ ಅಂದುಕೊಂಡರೂ ದಿನಕ್ಕೆ ಒಂದು ಲಕ್ಷ. ಅಂದರೆ ಅರವತ್ತು ಸಂಜೆ ಅದೇ ಗೇಟು, ಅದೇ ಸೆಲ್ಯೂಟು.