ನಗಿಸುವವರ ಮನೆಯಲ್ಲಿ ಸಾವಾದಾಗ

ರೇಡಿಯೋಗೆ ಹಾಸ್ಯ ಬರೆಯುತ್ತೇನೆ ಅಂದರೆ ಜನ ಮೊದಲು ‘ಒಂದು ಜೋಕ್ ಹೇಳಿ’ ಅನ್ನುತ್ತಾರೆ. ಅದರಿಂದ ತಪ್ಪಿಸಿಕೊಂಡರೆ ಎರಡನೇ ಪ್ರಶ್ನೆ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಕೇಳಿದ್ದಾರೆ. ‘ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಹೇಗೆ ನಗಿಸ್ತೀರಿ? ನಗಿಸ್ತಾ ನಗಿಸ್ತಾ ದುಃಖ ಮರೆತುಹೋಗುತ್ತಾ?’ ಅಪ್ಪ ಹೋದ ಮೇಲಂತೂ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ.

ಕೇಳುವವರ ಹತ್ತಿರ ಉತ್ತರ ಮೊದಲೇ ಇರುತ್ತದೆ. ಹೊರಗೆ ನಗು, ಒಳಗೆ ಅಳು ಅಂತ ನಾನು ಹೇಳಬೇಕು. ಅವರು ‘ಪಾಪ’ ಅನ್ನಬೇಕು. ಆ ಅಳುವ ಜೋಕರ್‌ನನ್ನು ಸಿನಿಮಾದವರು ತೋರಿಸಿ ತೋರಿಸಿ ಸವೆಸಿಬಿಟ್ಟಿದ್ದಾರೆ. ನನಗೆ ಗೊತ್ತಿರುವ ಹಾಸ್ಯದವರಲ್ಲಿ ಹೆಚ್ಚಿನವರು ಒಳಗೊಳಗೆ ಅಳುತ್ತಿರುವುದಿಲ್ಲ. ಮುಂದಿನ ವಾರದ ಸ್ಕ್ರಿಪ್ಟ್ ನೆನೆದು ಹೆದರುತ್ತಿರುತ್ತಾರೆ.

ನನ್ನ ಉತ್ತರ ಇಷ್ಟೇ: ಇಲ್ಲ, ಮರೆತುಹೋಗುವುದಿಲ್ಲ. ಮರೆಯಲೇಬೇಕು ಅಂತಿದ್ದರೆ ಹಾಸ್ಯದ ತಂಟೆಗೆ ಹೋಗಬೇಡಿ. ಯಾಕೆ ಅಂತ ವಿವರಿಸಬೇಕಾದರೆ ಅಮೆರಿಕದ ಒಬ್ಬ ಮುದುಕನ ಕಥೆ ಹೇಳಬೇಕು. ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಅದು ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವನ ಹೆಸರು ಜಾರ್ಜ್ ಬರ್ನ್ಸ್. ಏಕವಚನಕ್ಕೆ ಕ್ಷಮೆ ಇರಲಿ, ವರ್ಷಗಟ್ಟಲೆ ಇಯರ್‌ಫೋನಿನಲ್ಲಿ ಕೂತು ಮಾತಾಡಿದವರಿಗೆ ಬಹುವಚನ ಹಚ್ಚಲು ನನಗೆ ಬರುವುದಿಲ್ಲ. ಹುಟ್ಟಿದ್ದು 1896ರಲ್ಲಿ, ನ್ಯೂಯಾರ್ಕಿನ ಬಡ ಯಹೂದಿ ಮನೆಯಲ್ಲಿ. ಚಿಕ್ಕಂದಿನಿಂದಲೇ ವಾಡ್ವಿಲ್ ರಂಗದಲ್ಲಿ ಅಲೆದ. ಹಾಡು, ಕುಣಿತ, ಜಾದೂ, ನಗೆಚಟಾಕಿ ಎಲ್ಲವೂ ಒಂದೇ ಟಿಕೆಟ್ಟಿಗೆ ಸಿಗುತ್ತಿದ್ದ ರಂಗ ಅದು. ಹೇಳಿಕೊಳ್ಳುವಂಥ ಹೆಸರೇನೂ ಬರಲಿಲ್ಲ. 1920ರ ದಶಕದ ಶುರುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸಿ ಆಲೆನ್ ಅವನಿಗೆ ಜೋಡಿಯಾದಳು. ಶುರುವಿನಲ್ಲಿ ತಮಾಷೆ ಮಾತೆಲ್ಲ ಜಾರ್ಜ್‌ನದು, ಗ್ರೇಸಿ ಸುಮ್ನೆ ಪ್ರಶ್ನೆ ಕೇಳಬೇಕು. ಆದರೆ ಜನ ಅವಳ ಪ್ರಶ್ನೆಗೇ ನಕ್ಕರು. ಇವನ ಜೋಕ್‌ಗಳಿಗೆ ಯಾರೂ ತುಟಿ ಬಿಚ್ಚಲಿಲ್ಲ. ಬೇರೆ ಗಂಡಸಾಗಿದ್ದರೆ ಜೋಡಿಯನ್ನೇ ಬದಲಿಸುತ್ತಿದ್ದನೋ ಏನೋ. ಜಾರ್ಜ್ ಸ್ಕ್ರಿಪ್ಟನ್ನು ತಿರುಗಿಸಿದ. ಜೋಕ್ ಎಲ್ಲ ಅವಳಿಗೆ ಕೊಟ್ಟು ತಾನು ಪ್ರಶ್ನೆ ಕೇಳುವವನಾದ. ಆಮೇಲೆ ಸುಮಾರು ಮೂವತ್ತೈದು ವರ್ಷ ಅವನು ಮಾಡಿದ ಕೆಲಸ ಅದೇ. ಒಂದು ಪ್ರಶ್ನೆ ಎಸೆಯುವುದು, ಅವಳ ಉತ್ತರಕ್ಕೆ ಕಾಯುವುದು.

1926ರ ಜನವರಿಯಲ್ಲಿ ಇಬ್ಬರ ಮದುವೆಯಾಯಿತು. 1932ರಲ್ಲಿ ಅಮೆರಿಕದ ರೇಡಿಯೋಗೆ ಬಂದರು. ಮರುವರ್ಷ ಜನವರಿಯಲ್ಲಿ ಗ್ರೇಸಿ ‘ನಮ್ಮಣ್ಣ ಕಳೆದುಹೋಗಿದ್ದಾನೆ’ ಅಂತ ಹುಡುಕಲು ಹೊರಟಳು. ತನ್ನ ಕಾರ್ಯಕ್ರಮದಲ್ಲಿ ಅಷ್ಟೇ ಅಲ್ಲ, ಬೇರೆಯವರ ಕಾರ್ಯಕ್ರಮದ ಮಧ್ಯೆ ದಿಢೀರನೆ ನುಗ್ಗಿ ‘ನಮ್ಮಣ್ಣನ್ನ ನೋಡಿದ್ರಾ?’ ಅಂತ ಕೇಳುತ್ತಿದ್ದಳು. ಅವಳಿಗೆ ನಿಜವಾಗಿಯೂ ಒಬ್ಬ ಅಣ್ಣ ಇದ್ದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ಪಾಡಿಗೆ ಲೆಕ್ಕಪತ್ರ ಬರೆದುಕೊಂಡಿದ್ದ ಮನುಷ್ಯ. ಪತ್ರಿಕೆಯವರು ಮುತ್ತಿಕೊಂಡ ಮೇಲೆ ಪಾಪ ನಿಜವಾಗಿಯೂ ತಲೆ ತಪ್ಪಿಸಿಕೊಳ್ಳಬೇಕಾಯಿತು! 1940ರಲ್ಲಿ ಅಧ್ಯಕ್ಷ ಚುನಾವಣೆಗೇ ನಿಂತಳು. ಸರ್ಪ್ರೈಸ್ ಪಾರ್ಟಿ ಅಂತ ಪಕ್ಷ, ಕಾಂಗರೂ ಅದರ ಗುರುತು, ಒಮಾಹಾ ಊರಿನಲ್ಲಿ ಸಮಾವೇಶ. ಗೆದ್ದಿದ್ದು ರೂಸ್‌ವೆಲ್ಟ್ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಇದಾದ ಮೇಲೆ ಕೇಳುಗರು ಕಡಿಮೆಯಾಗತೊಡಗಿದರು. ಯಾಕೆ ಅಂತ ಕಂಡುಹಿಡಿದವನು ಜಾರ್ಜ್. ಮದುವೆಯಾಗಿ ಮಕ್ಕಳಿರುವ ಇವರಿಬ್ಬರೂ ರೇಡಿಯೋದಲ್ಲಿ ಇನ್ನೂ ಹರೆಯದವರ ಹಾಗೆ ಚೆಲ್ಲಾಟ ಆಡುತ್ತಿದ್ದರು. ಜೋಕ್‌ಗಳು ತಮ್ಮ ವಯಸ್ಸಿಗಿಂತ ಚಿಕ್ಕವು ಅಂತ ಅವನಿಗೆ ಹೊಳೆಯಿತು. ರೇಡಿಯೋದಲ್ಲೂ ಗಂಡ ಹೆಂಡತಿಯಾದರು. ಕೇಳುಗರು ವಾಪಸ್ ಬಂದರು. ಕಿವಿಗೆ ಸುಳ್ಳು ಬಹಳ ಬೇಗ ತಿಳಿಯುತ್ತದೆ, ಇದನ್ನು ನಾನು ಹೊಸದಾಗಿ ಬರೆಯಲು ಬರುವವರಿಗೆಲ್ಲ ಹೇಳುತ್ತೇನೆ. ಟಿವಿಯಲ್ಲಿ ಮುಖ ಮುದ್ದಾಗಿದ್ದರೆ ಅಷ್ಟಿಷ್ಟು ತೇಲಿಸಬಹುದು. ರೇಡಿಯೋದಲ್ಲಿ ದನಿಯೇ ಮನುಷ್ಯ. ನಮ್ಮಲ್ಲೇ ನೋಡಿ, ಎ. ಎಸ್. ಮೂರ್ತಿಯವರು ರಂಗಭೂಮಿಯಲ್ಲಿ ಎಷ್ಟೆಲ್ಲ ಕೆಲಸ ಮಾಡಿದ್ದರೂ ಬೆಂಗಳೂರಿನ ಎಷ್ಟೋ ಮನೆಗಳಿಗೆ ಕೊನೆತನಕ ಆಕಾಶವಾಣಿ ಈರಣ್ಣ ಆಗಿಯೇ ಉಳಿದರು.

1950ರಲ್ಲಿ ಜಾರ್ಜ್ ಮತ್ತು ಗ್ರೇಸಿ ಟಿವಿಗೆ ಹೋದರು. 1958ರಲ್ಲಿ ಗ್ರೇಸಿ ಸಾಕು ಅಂದಳು. ಹೃದಯದ ತೊಂದರೆ ಇತ್ತು. 1964ರ ಆಗಸ್ಟ್ 27ರಂದು ಹೃದಯಾಘಾತದಿಂದ ತೀರಿಕೊಂಡಳು.

ಈಗ ಪ್ರಶ್ನೆಗೆ ಬರುತ್ತೇನೆ. ಉತ್ತರವೇ ಇಲ್ಲದ ಮೇಲೆ ಪ್ರಶ್ನೆ ಕೇಳುವವನು ಏನು ಮಾಡಬೇಕು?

ಮೊದಲು ಅವನಿಗೆ ನಿದ್ದೆ ಬರಲಿಲ್ಲ. ಗ್ರೇಸಿಗೆ ಆರೋಗ್ಯ ಕೆಟ್ಟ ಮೇಲೆ ಇಬ್ಬರದೂ ಬೇರೆ ಬೇರೆ ಮಂಚ, ಒಂದೇ ಕೋಣೆಯಲ್ಲಿ. ಕಡೆಗೆ ಒಂದು ರಾತ್ರಿ ಅವಳ ಮಂಚಕ್ಕೆ ಹೋಗಿ ಮಲಗಿದ. ಆಗ ನಿದ್ದೆ ಬಂತಂತೆ. ಇದನ್ನು ಅವನೇ ಹೇಳಿಕೊಂಡಿದ್ದಾನೆ, ತಮಾಷೆ ಏನೂ ಸೇರಿಸದೆ. ಮುಂದಿನ ತಿಂಗಳೇ ಅವನ ಹೊಸ ಟಿವಿ ಸರಣಿ ಶುರುವಾಯಿತು. ಜನ ಇದನ್ನು ಕೇಳಿ ‘ನೋಡಿ, ಕೆಲಸದಲ್ಲಿ ದುಃಖ ಮರೆತ’ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸರಣಿ ಮೊದಲೇ ಒಪ್ಪಿಕೊಂಡ ಕೆಲಸ. ತಾರೀಖು ಬಂತು, ಹೋದ. ಅಡುಗೆಯವರು ಒಲೆ ಹಚ್ಚುವುದಿಲ್ಲವೇ, ಬಸ್ ಡ್ರೈವರ್ ಡಿಪೋಗೆ ಹೋಗುವುದಿಲ್ಲವೇ? ಅವರನ್ನು ಯಾರೂ ‘ಹೇಗೆ ಓಡಿಸ್ತೀರಿ?’ ಅಂತ ಕೇಳುವುದಿಲ್ಲ. ಆ ಸರಣಿ ಒಂದೇ ವರ್ಷಕ್ಕೆ ನಿಂತುಹೋಯಿತು.

ನನಗೆ ಮುಖ್ಯ ಅನ್ನಿಸುವುದು ಅದರಾಚೆಯ ವರ್ಷಗಳು. ಜಾರ್ಜ್ ತಿಂಗಳಿಗೊಮ್ಮೆ ಗ್ರೇಸಿಯ ಸಮಾಧಿಗೆ ಹೋಗಿ ಊರ ಸುದ್ದಿಯೆಲ್ಲ ಹೇಳಿ ಬರುತ್ತಿದ್ದ. ಅವಳಿಗೆ ಕೇಳಿಸುತ್ತದೋ ಇಲ್ಲವೋ ಗೊತ್ತಿಲ್ಲ, ಮಾತಾಡಿದ ಮೇಲೆ ತನಗೆ ಹಗುರಾಗುತ್ತದೆ ಅನ್ನುತ್ತಿದ್ದ. ಉಳಿದ ದಿನಗಳಲ್ಲಿ ವೇದಿಕೆ, ಸಂದರ್ಶನ, ಪುಸ್ತಕ ಎಲ್ಲೆಂದರಲ್ಲಿ ಅವಳ ಕಥೆ. ಅದರಲ್ಲೊಂದು ನನಗೆ ಬಹಳ ಇಷ್ಟ. ಜಾರ್ಜ್ ಒಮ್ಮೆ ಬೇರೆ ಹೆಂಗಸಿನ ಸಹವಾಸ ಮಾಡಿದ್ದ. ಗ್ರೇಸಿಗೆ ಗೊತ್ತಾಗಿದೆ ಅಂತ ಅನುಮಾನ ಬಂದು, ಅವಳು ಬಹಳ ದಿನದಿಂದ ಆಸೆಪಟ್ಟಿದ್ದ ಊಟದ ಮೇಜಿನ ಮಧ್ಯೆ ಇಡುವ ಬೆಳ್ಳಿ ಸಾಮಾನೊಂದನ್ನು ತಂದುಕೊಟ್ಟ. ಅವಳು ತುಟಿಪಿಟಿಕ್ ಅನ್ನಲಿಲ್ಲ. ಎಷ್ಟೋ ವರ್ಷದ ಮೇಲೆ ಅಂಗಡಿಯಲ್ಲಿ ಗೆಳತಿಯ ಹತ್ತಿರ ಅಂದಳಂತೆ: ‘ಜಾರ್ಜ್ ಇನ್ನೊಂದ್ಸಲ ದಾರಿ ತಪ್ಪಿದ್ರೆ ಚೆನ್ನಾಗಿತ್ತು, ನನಗೆ ಇನ್ನೊಂದು ಬೇಕಿತ್ತು.’

ಗಮನಿಸಿ, ಈ ಕಥೆಯಲ್ಲಿ ಪೆದ್ದನಾಗುವವನು ಜಾರ್ಜ್. ಕೊನೆಯ ಮಾತು ಗ್ರೇಸಿಯದು. ಅವಳು ಹೋಗಿ ಎಷ್ಟೋ ವರ್ಷವಾದ ಮೇಲೂ ಅವನು ಪ್ರಶ್ನೆ ಕೇಳುವವನ ಜಾಗದಲ್ಲೇ ನಿಂತು ನಗು ಅವಳಿಗೆ ಬಿಟ್ಟುಕೊಡುತ್ತಿದ್ದ. 1964ರಿಂದ 1996ರವರೆಗೆ, ಮೂವತ್ತೆರಡು ವರ್ಷ ಅಲ್ಲಿಂದ ಕದಲಲಿಲ್ಲ. ಇದನ್ನು ಮರೆಯುವುದು ಅಂತ ಹೇಗೆ ಕರೆಯುತ್ತೀರಿ?

ಹಾಗಂತ ಹಾಸ್ಯದವರಿಗೆ ಯಾವಾಗ ಬೇಕಾದರೂ ಮಾತು ಬರುತ್ತದೆ ಅಂದುಕೊಳ್ಳಬೇಡಿ. ಜಾರ್ಜ್‌ನ ಪ್ರಾಣ ಸ್ನೇಹಿತ ಜಾಕ್ ಬೆನ್ನಿ ಅಂತ, ಅವನೂ ರೇಡಿಯೋದ ದೊಡ್ಡ ಹಾಸ್ಯಗಾರ. ಪರಮ ಜಿಪುಣ ಅವನ ಪಾತ್ರ. 1948ರ ಒಂದು ಕಾರ್ಯಕ್ರಮದಲ್ಲಿ ಕಳ್ಳ ಬಂದೂಕು ಹಿಡಿದು ‘ದುಡ್ಡೋ ಪ್ರಾಣವೋ?’ ಅನ್ನುತ್ತಾನೆ. ಬೆನ್ನಿ ಮಾತೇ ಆಡುವುದಿಲ್ಲ. ರೇಡಿಯೋದಲ್ಲಿ ಮೌನ ಅಂದರೆ ನಮಗೆ ಎದೆ ಡವಗುಟ್ಟುತ್ತದೆ, ನಾಲ್ಕು ಸೆಕೆಂಡ್ ಸದ್ದಿಲ್ಲದಿದ್ದರೆ ಕಂಟ್ರೋಲ್ ರೂಮಿನಿಂದ ಯಾರಾದರೂ ಓಡಿ ಬರುತ್ತಾರೆ. ಬೆನ್ನಿ ಆ ಮೌನವನ್ನೇ ಎಳೆಯುತ್ತಾನೆ. ಸಭಿಕರು ನಗುತ್ತಾರೆ. ಕಳ್ಳ ಮತ್ತೆ ಗದರಿಸಿದ ಮೇಲೆ ‘ಯೋಚಿಸ್ತಾ ಇದ್ದೀನಿ!’ ಅನ್ನುತ್ತಾನೆ. ಇಂಥ ಬೆನ್ನಿ, ಜಾರ್ಜ್ ಬಾಯಿ ತೆರೆದರೆ ಸಾಕು, ನೆಲಕ್ಕೆ ಬಿದ್ದು ನಗುತ್ತಿದ್ದನಂತೆ. 1974ರ ಡಿಸೆಂಬರ್ 26ರಂದು ಬೆನ್ನಿ ತೀರಿಕೊಂಡ. ಅಂತ್ಯಕ್ರಿಯೆಯಲ್ಲಿ ನಾಲ್ಕು ಮಾತಾಡಲು ಜಾರ್ಜ್ ಎದ್ದು ನಿಂತ. ಶುರುಮಾಡಿದ, ಅಳು ಬಂತು, ಮುಂದುವರಿಸಲು ಆಗಲಿಲ್ಲ. ಎಪ್ಪತ್ತೆಂಟು ವರ್ಷದ, ಜೀವನವಿಡೀ ಮೈಕಿನ ಮುಂದೆ ನಿಂತವನ ಕಥೆ ಇದು. ಆ ಬೆನ್ನಿ ಮಾಡಬೇಕಿದ್ದ ಸಿನಿಮಾ ಪಾತ್ರ ಜಾರ್ಜ್‌ಗೆ ಬಂತು. ಅದಕ್ಕೇ 1976ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಆಸ್ಕರ್ ಸಿಕ್ಕಿತು. (ಬೆನ್ನಿ ತನ್ನ ಹೆಂಡತಿಗೆ, ಅವಳು ಬದುಕಿರುವಷ್ಟು ದಿನ, ದಿನಕ್ಕೊಂದು ಕೆಂಪು ಗುಲಾಬಿ ತಲುಪುವ ಹಾಗೆ ಹೂವಿನ ಅಂಗಡಿಯವರಿಗೆ ಏರ್ಪಾಡು ಮಾಡಿ ಹೋಗಿದ್ದ. ಜಿಪುಣನ ಪಾತ್ರ ಮಾಡಿದವನು!)

ಅಂದರೆ ನಗುವಿಗೂ ಸಮಯ ಬೇಕು. ಸಾವಿನ ಮನೆಗೆ ಮೊದಲ ದಿನವೇ ಜೋಕ್ ಹಿಡಿದು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ‘ಮನಸ್ಸು ಹಗುರ ಮಾಡೋಣ ಅಂತ’ ಅನ್ನುತ್ತಾರೆ. ಹಗುರ ಆಗುವುದು ಅವರ ಮನಸ್ಸು.

ಅಪ್ಪ ತೀರಿಕೊಂಡ ವಾರ ನಾನು ಏನೂ ಬರೆಯಲಿಲ್ಲ. ಹಳೆಯ ಭಾಗಗಳನ್ನೇ ಮತ್ತೆ ಹಾಕಿದರು. ‘ಈ ವಾರ ಬಹಳ ಚೆನ್ನಾಗಿತ್ತು’ ಅಂತ ಒಬ್ಬರು ಮೆಸೇಜ್ ಕಳಿಸಿದ್ದರು, ಅದನ್ನು ನನ್ನ ಕಸುಬಿನ ಬಗ್ಗೆ ಏನಂತ ತಿಳಿಯಬೇಕೋ ಇನ್ನೂ ಗೊತ್ತಾಗಿಲ್ಲ.

ಮನೆಯಲ್ಲಿ ಆಗ ಒಂದು ವಿಚಿತ್ರ ಕಂಡೆ. ‘ಅಪ್ಪ ಇದ್ದಿದ್ದರೆ...’ ಅಂತ ಯಾರಾದರೂ ಶುರುಮಾಡಿದರೆ ಸಾಕು, ಒಬ್ಬರು ನೀರು ತರಲು ಎದ್ದುಹೋಗುತ್ತಿದ್ದರು, ಇನ್ನೊಬ್ಬರು ಫೋನ್ ನೋಡುತ್ತಿದ್ದರು. ಅಮ್ಮ ಅತ್ತುಬಿಟ್ಟರೆ ಅಂತ ಎಲ್ಲರಿಗೂ ಭಯ. ಹೀಗಾಗಿ ಮೂರು ನಾಲ್ಕು ದಿನದಲ್ಲಿ ಅಪ್ಪನ ಹೆಸರೇ ಮನೆಯಲ್ಲಿ ಕೇಳಿಸದ ಹಾಗಾಯಿತು. ಮನುಷ್ಯ ಹೋಗಿದ್ದ ಸರಿ, ಹೆಸರೂ ಹೋಗಬೇಕಾ? ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತಾಗ ಸೋದರಮಾವ ಮಜ್ಜಿಗೆ ಹುಳಿ ಹಾಕಿಸಿಕೊಳ್ಳುತ್ತಾ ಅಂದರು: ‘ಭಾವ ಇದ್ದಿದ್ರೆ ಇಷ್ಟೊತ್ತಿಗೆ ಅಡುಗೆಯವರ ಹತ್ತಿರ ಜಗಳ ಮುಗಿಸಿ ದಕ್ಷಿಣೆ ಕಡಿಮೆ ಮಾಡಿಸಿರ್ತಿದ್ರು.’ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮನೇ ನಕ್ಕಳು. ನಕ್ಕವಳೇ, ತನ್ನ ಮದುವೆಯಲ್ಲಿ ಅಪ್ಪ ಛತ್ರದವನ ಹತ್ತಿರ ತಂಬಿಗೆ ಲೆಕ್ಕಕ್ಕೆ ಜಗಳಕ್ಕೆ ನಿಂತು ಮುಹೂರ್ತಕ್ಕೆ ತಡವಾಗಿ ಬಂದ ಕಥೆ ತೆಗೆದಳು. ಪಕ್ಕದವರು ಇನ್ನೊಂದು ಹೇಳಿದರು. ಊಟ ಮುಗಿದರೂ ಯಾರೂ ಎಲೆಯಿಂದ ಏಳಲಿಲ್ಲ.

ಜಾರ್ಜ್ ಮೂವತ್ತೆರಡು ವರ್ಷ ಮಾಡಿದ್ದೂ ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಹೆಂಡತಿ ಹೋದಳು ಅಂತ ಒಬ್ಬ ಮುದುಕ ದಿನಾ ಕೂತು ಹೇಳಿಕೊಂಡರೆ ಎಷ್ಟು ದಿನ ಕೇಳುತ್ತೀರಿ? ಮೊದಲ ತಿಂಗಳು ಕೇಳುತ್ತೀರಿ, ಆಮೇಲೆ ಅವನನ್ನು ಕಂಡರೆ ರಸ್ತೆ ದಾಟುತ್ತೀರಿ. ಅವಳ ಬೆಳ್ಳಿ ಸಾಮಾನಿನ ಕಥೆ ಹೇಳಿದರೆ ‘ಇನ್ನೊಂದು ಹೇಳಿ’ ಅನ್ನುತ್ತೀರಿ. ಅವನಿಗೆ ಬೇಕಾಗಿದ್ದುದು ಆ ‘ಇನ್ನೊಂದು’. ಗ್ರೇಸಿಯ ಹೆಸರನ್ನು ಇನ್ನೊಂದು ಸಲ ಬಾಯ್ತುಂಬ ಹೇಳಲು ಜನ ಅವನಿಗೆ ಟಿಕೆಟ್ ಕೊಂಡು ಅವಕಾಶ ಕೊಟ್ಟರು. ನೂರು ವರ್ಷ ತುಂಬಿದ ಮೇಲೆ, 1996ರ ಮಾರ್ಚ್‌ನಲ್ಲಿ ಸತ್ತ. ಸಮಾಧಿಯ ಮೇಲೆ ಇಬ್ಬರ ಹೆಸರೂ ಇದೆ, ಮೊದಲು ಅವಳದು.

ಹಾಗಾಗಿ ನನ್ನ ಕಾರ್ಯಕ್ರಮದಲ್ಲಿ ಈಗ ಒಬ್ಬ ಯಜಮಾನರು ಬರುತ್ತಾರೆ. ನಿವೃತ್ತರು. ತರಕಾರಿಯವನಿಂದ ಹಿಡಿದು ಹವಾಮಾನ ಇಲಾಖೆಯವರೆಗೆ ಎಲ್ಲರ ಹತ್ತಿರ ಚೌಕಾಸಿ ಮಾಡುತ್ತಾರೆ. ಒಂದು ವಾರ ಬರದಿದ್ದರೆ ‘ಯಜಮಾನರು ಎಲ್ಲಿ?’ ಅಂತ ಕೇಳುಗರು ಫೋನ್ ಮಾಡುತ್ತಾರೆ. ನ್ಯಾಯಬೆಲೆ ಅಂಗಡಿ ಕ್ಯೂನಲ್ಲಿ ಇದ್ದಾರೆ ಅನ್ನುತ್ತೇನೆ. ಅಮ್ಮ ತಪ್ಪದೆ ಕೇಳುತ್ತಾಳೆ. ಅವಳಿಗೆ ಇನ್ನೂ ಸಮಾಧಾನ ಇಲ್ಲ. ‘ನಿಮ್ಮಪ್ಪ ಅಷ್ಟು ಮೆತ್ತಗೆ ಯಾವತ್ತು ಮಾತಾಡಿದ್ರು? ಆ ಹುಡುಗನಿಗೆ ಇನ್ನೂ ಸ್ವಲ್ಪ ಕೂಗೋಕೆ ಹೇಳು’ ಅನ್ನುತ್ತಾಳೆ. ಹೇಳಿದ್ದೇನೆ. ಸೌಂಡ್ ಎಂಜಿನಿಯರ್ ಬೇಡ ಅನ್ನುತ್ತಿದ್ದಾರೆ.