ಮೇಡಂ ಹೇಳಿದ ಶರ್ಲಿ ಚಿಶಮ್

ಬಿ.ಎಡ್. ಓದುವಾಗ ನಮಗೆ ಇತಿಹಾಸ ಬೋಧನೆ ಕಲಿಸುತ್ತಿದ್ದ ಮೇಡಂ ಪಠ್ಯ ಬಿಟ್ಟು ಆಚೆ ಹೋಗುವುದೇ ಜಾಸ್ತಿ. ನಾವೂ ಅದಕ್ಕೇ ಕಾಯುತ್ತಿದ್ದೆವು. ಅವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಹೆಸರು ಶರ್ಲಿ ಚಿಶಮ್. 1968ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದ ಮೊದಲ ಕಪ್ಪು ಮಹಿಳೆ. 1972ರಲ್ಲಿ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳಿದವರು. ಇಷ್ಟು ಯಾವ ಜಿ.ಕೆ. ಪುಸ್ತಕದಲ್ಲೂ ಸಿಗುತ್ತದೆ ಎಂದು ಮೇಡಂ ಒಂದೇ ಉಸಿರಿಗೆ ಮುಗಿಸಿಬಿಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಅದಕ್ಕೂ ಹಿಂದಿನ ಕಥೆ.

ಶರ್ಲಿ ಹುಟ್ಟಿದ್ದು 1924ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಗಯಾನಾ ಕಡೆಯವರು, ಕಾರ್ಖಾನೆ ಕೆಲಸ. ಅಮ್ಮ ಬಾರ್ಬಡೋಸ್‌ನವರು. ಬಟ್ಟೆ ಹೊಲಿಯುತ್ತಿದ್ದರು, ಮನೆಗೆಲಸಕ್ಕೂ ಹೋಗುತ್ತಿದ್ದರು. ದುಡಿಮೆಯ ನಡುವೆ ಮಕ್ಕಳನ್ನು ನೋಡಿಕೊಳ್ಳುವುದು ಕಷ್ಟವಾಗಿ ಅವರನ್ನು ಬಾರ್ಬಡೋಸ್‌ನ ಅಜ್ಜಿಮನೆಗೆ ಕಳಿಸಿದರು. ಅಲ್ಲಿನ ಶಾಲೆ ಬಹಳ ಕಟ್ಟುನಿಟ್ಟು. ತನ್ನ ಮಾತು, ಬರಹ ಗಟ್ಟಿಯಾದದ್ದು ಅಲ್ಲೇ ಎಂದು ಶರ್ಲಿ ಆಮೇಲೆ ನೆನೆದಿದ್ದಾರೆ. 1946ರಲ್ಲಿ ಬ್ರೂಕ್ಲಿನ್ ಕಾಲೇಜಿನಿಂದ ಪದವಿ. ಹಗಲು ಹಾರ್ಲೆಮ್‌ನ ನರ್ಸರಿಯಲ್ಲಿ ಕೆಲಸ, ಸಂಜೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದು. 1954ರಿಂದ 59ರವರೆಗೆ ಮ್ಯಾನ್‌ಹಟನ್‌ನ ಒಂದು ಶಿಶುಪಾಲನಾ ಕೇಂದ್ರದ ಮುಖ್ಯಸ್ಥೆ.

1964ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಧಾನಸಭೆಗೆ ಗೆದ್ದರು. ಅಲ್ಲಿದ್ದದ್ದು ನಾಲ್ಕೇ ವರ್ಷ. ಆದರೆ ಮೇಡಂ ಗಂಟೆಗಟ್ಟಲೆ ಮಾತಾಡುತ್ತಿದ್ದದ್ದು ಈ ನಾಲ್ಕು ವರ್ಷದ ಬಗ್ಗೆಯೇ. ಕೆಲಸ ಹೋದವರಿಗೆ ಸಿಗುವ ನಿರುದ್ಯೋಗ ಭತ್ಯೆ ಮನೆಗೆಲಸದವರಿಗೂ ಸಿಗುವಂತೆ ಶರ್ಲಿ ಮಾಡಿದರು. ಸ್ವಂತ ಅಮ್ಮ ಮಾಡಿದ ಕೆಲಸ ಅದು, ಅಲ್ವಾ? ಹಿಂದುಳಿದ ಮನೆಗಳ ಮಕ್ಕಳು ಕಾಲೇಜು ಸೇರಲು, ಸೇರಿದ ಮೇಲೆ ಓದು ಬಿಡದಿರಲು ನೆರವಾಗುವ 'ಸೀಕ್' ಯೋಜನೆಗೂ ದುಡಿದರು. ಸುಮ್ನೆ ಸೀಟು ಕೊಟ್ಟರೆ ಸಾಲದು, ಪಾಠದಲ್ಲಿ ಕೈಹಿಡಿಯಬೇಕು ಎನ್ನುವುದು ಪಾಠ ಮಾಡಿದವರಿಗೇ ಹೊಳೆಯುವ ಮಾತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಶರ್ಲಿ ತಂದ ಇನ್ನೊಂದು ಕಾನೂನು ಶಿಕ್ಷಕಿಯರದ್ದು. ಬಸಿರಿನ ಕಾರಣಕ್ಕೆ ರಜೆ ಹೋದವರು ತಮ್ಮ ಸೇವಾ ಭದ್ರತೆ ಕಳೆದುಕೊಳ್ಳಬಾರದು ಎನ್ನುವುದು. ಆಗ ನಮ್ಮ ಕ್ಲಾಸಿನಲ್ಲಿ ಅದನ್ನು ಯಾರೂ ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ ಖಾಸಗಿ ಶಾಲೆಯಲ್ಲಿ ಜೊತೆಯ ಟೀಚರ್ ಒಬ್ಬರು ಬಾಣಂತನ ಮುಗಿಸಿ ಬಂದರು. ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ, "ಅಪಾಯಿಂಟ್‌ಮೆಂಟ್ ಆರ್ಡರ್ ಕಾಪಿಯಲ್ಲಿ ಏನಿತ್ತು, ಓದಿದ್ದಾಳಾ?" ಎಂದು ಕೇಳಿದರು. ಈಗ ಬಿ.ಎಡ್. ಓದುತ್ತಿರುವ ಹೆಣ್ಣುಮಕ್ಕಳೇ, ನೀವು ಸಹಿ ಹಾಕುವ ಮೊದಲೇ ಓದಿಕೊಳ್ಳಿ.